ವಂಶಾವಳಿಯ ಹುಡುಕಾಟ: ಪರದೇಶದ ಮಕ್ಕಳೂ ತವರಿನ ದಾಖಲೆಗಳೂ

ಕಳೆದ ನವೆಂಬರಿನಲ್ಲಿ, ಸಮಸ್ತ ಮೃತರ ಸ್ಮರಣೆಯ ತಿಂಗಳಿನಲ್ಲಿ, ಕುವೈತಿನಲ್ಲಿ ನೆಲೆಸಿರುವ ಕಥೋಲಿಕ ಕುಟುಂಬವೊಂದರಿಂದ ನಮ್ಮ ಧರ್ಮಕೇಂದ್ರದ ಕಚೇರಿಗೆ ವಿಚಾರಣೆಯೊಂದು ಬಂದಿತು. ಅಲ್ಲಿಯ ದೇವಾಲಯದ ಧರ್ಮೋಪದೇಶ ತರಗತಿಯಲ್ಲಿ ಮಕ್ಕಳಿಗೆ ತಂತಮ್ಮ ಮನೆತನದ ನಾಲ್ಕು ತಲೆಮಾರುಗಳ ಹೆಸರು ಬರೆದು ತರಲು ಹೇಳಿದ್ದರಂತೆ. ಕೇರಳದ ಮಕ್ಕಳು ತಮ್ಮ ಕುಟುಂಬಯೋಗದವರು ಅಚ್ಚು ಹಾಕಿಸಿದ ಪುಸ್ತಕದಿಂದಲೇ ನಕಲು ಮಾಡಿ ತಂದರು. ಗೋವೆಯ, ಮಂಗಳೂರಿನ ಮಕ್ಕಳು ಅಜ್ಜಿಯರಿಗೆ ಫೋನು ಮಾಡಿ ಹಾಳೆ ತುಂಬಿಸಿದರು. ಜೇವರ್ಗಿ ತಾಲೂಕು ಮೂಲದ ನಮ್ಮ ಹನ್ನೊಂದು ವರ್ಷದ ಹುಡುಗಿಯ ಹಾಳೆ ಮಾತ್ರ ನಾಲ್ಕನೆಯ ಸಾಲಿನಲ್ಲಿ ನಿಂತುಬಿಟ್ಟಿತು. ಮುತ್ಯಾನ ಹೆಸರು ಗೊತ್ತು. ಮುತ್ಯಾನ ತಂದೆಯ ಹೆಸರೂ ಹೇಗೋ ಗೊತ್ತು. ಮುತ್ಯಾನ ತಾಯಿ ಯಾರು? ಮನೆಯಲ್ಲಿ ಯಾರಿಗೂ ತಿಳಿಯದು.

ಆ ಮುತ್ಯಾ ಈಗ ಇಲ್ಲ. ಅವರೂ ಕುವೈತಿನಲ್ಲಿ ದುಡಿದವರೇ. 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯವು ಆ ದೇಶವನ್ನು ಆಕ್ರಮಿಸಿದಾಗ ಅಮ್ಮಾನಿನ ಮಾರ್ಗವಾಗಿ ವಿಮಾನದಲ್ಲಿ ತವರಿಗೆ ಮರಳಿದ ಸುಮಾರು 1,70,000 ಭಾರತೀಯರಲ್ಲಿ ಅವರೊಬ್ಬರು. ಕೈಯಲ್ಲೊಂದು ಚೀಲ ಬಂದಿತು. ಕಾಗದಪತ್ರಗಳಿದ್ದ ಟ್ರಂಕು ಅಲ್ಲಿಯೇ ಉಳಿಯಿತು. ಮುಂದೆ ಮಗನು ಅದೇ ದೇಶಕ್ಕೆ ಹೋದನು, ಮೊಮ್ಮಗಳು ಅಲ್ಲಿಯೇ ಹುಟ್ಟಿದಳು. ಬರಗಾಲದಲ್ಲಿ ಮನೆಗೆ ಬೀಗ ಹಾಕಿ ಮುಂಬಯಿಗೋ ಪುಣೆಗೋ ಗುಳೇ ಹೋಗುವುದು ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಬಡವರಿಗೆ ಹೊಸತಲ್ಲ. ಕೊಲ್ಲಿ ರಾಷ್ಟ್ರಗಳ ಉದ್ಯೋಗವೆಂಬುದೂ ಒಂದು ದೀರ್ಘವಾದ ಗುಳೇ ಎಂದೇ ನಮ್ಮ ಎಣಿಕೆ. ಆದರೆ ಗುಳೇ ಹೋದವನು ಬಿತ್ತನೆಯ ಹೊತ್ತಿಗೆ ಊರಿಗೆ ಬರುತ್ತಿದ್ದನು. ಹಬ್ಬಕ್ಕೋ ಸಾವಿಗೋ ಬಂದು ಹಿರಿಯರ ಬಾಯಿಂದ ಸಂಬಂಧಗಳ ಲೆಕ್ಕ ಕೇಳುತ್ತಿದ್ದನು. ವಿಮಾನ ಹತ್ತಿದವರ ಮಕ್ಕಳಿಗೆ ಆ ಅವಕಾಶವಿಲ್ಲ.

ಕೊಲ್ಲಿ ರಾಷ್ಟ್ರಗಳ ಧರ್ಮಸಭೆಯ ಸ್ವರೂಪವೇ ವಿಶಿಷ್ಟವಾದುದು. ಅಬುಧಾಬಿಯನ್ನು ಕೇಂದ್ರವಾಗಿಸಿಕೊಂಡ ದಕ್ಷಿಣ ಅರೇಬಿಯಾ ಮತ್ತು ಕುವೈತ್, ಬಹ್ರೇನ್, ಕತಾರ್, ಸೌದಿಗಳನ್ನೊಳಗೊಂಡ ಉತ್ತರ ಅರೇಬಿಯಾ ಎಂದು 2011ರಲ್ಲಿ ಪುನರ್ವಿಂಗಡಣೆಯಾದ ಆ ಎರಡು ಪ್ರೇಷಿತ ಪ್ರಾಂತಗಳಲ್ಲಿ ಭಕ್ತಾದಿಗಳೆಂದರೆ ಬಹುಮಟ್ಟಿಗೆ ಎಲ್ಲರೂ ವಲಸಿಗರೇ. ಶುಕ್ರವಾರದ ಬಲಿಪೂಜೆಗೆ ದೇವಾಲಯ ತುಂಬಿ ತುಳುಕುತ್ತದೆ. ಆದರೆ ಅಲ್ಲಿ ಯಾರ ಅಜ್ಜನ ಸಮಾಧಿಯೂ ಇಲ್ಲ, ಯಾರ ಮನೆಯ ಜಂತಿಯೂ ಇಲ್ಲ. ಇಂತಹ ಸಮುದಾಯದಲ್ಲಿ ಮಗುವಿಗೆ ತನ್ನ ಹಿರಿಯರನ್ನು ಹುಡುಕೆಂದು ಹೇಳುವುದು ವಿಹಿತವಾದ ಕೆಲಸ. ಆ ತರಗತಿಯ ಉಪದೇಶಿಗಳನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಹುಡುಕುವ ಮಗುವಿಗೆ ಉತ್ತರ ಕೊಡಬೇಕಾದವರು ಇಲ್ಲಿದ್ದೇವೆ. ನಮ್ಮ ಬಳಿ ಉತ್ತರವಿದೆಯೇ ಎಂಬುದೇ ಪ್ರಶ್ನೆ.

ಇದು ಮನೆಯೊಳಗಿನ ಮಾತು, ಪ್ರಚಲಿತ ವಿದ್ಯಮಾನವೆಂದು ಪತ್ರಿಕೆಯಲ್ಲಿ ಬರೆಯುವುದೇಕೆ ಎಂದು ವಾಚಕರು ಕೇಳಬಹುದು. ನಿನ್ನ ತಂದೆ ಯಾರು, ನಿನ್ನ ಮೂಲ ಯಾವುದು ಎಂದು ಸರಕಾರವೇ ಕೇಳುತ್ತಿರುವ ಕಾಲವಿದು. ಬಿಹಾರದಲ್ಲಿ 2025ರಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ 2003ರ ಪಟ್ಟಿಯಲ್ಲಿ ತಮ್ಮ ಅಥವಾ ತಂದೆತಾಯಿಯ ಹೆಸರಿದ್ದವರು ಸುಲಭವಾಗಿ ಪಾರಾದರು, ಉಳಿದವರು ಕಾಗದಗಳಿಗಾಗಿ ಅಲೆದರು. ನಮ್ಮ ರಾಜ್ಯದಲ್ಲಿ ಅದೇ ವರ್ಷ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. 2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸಲು ಕೇಂದ್ರವು ನಿರ್ಧರಿಸಿದೆ. ಸಂವಿಧಾನದ 371ಜೆ ವಿಧಿಯ ಪ್ರಯೋಜನ ಪಡೆಯಲು ತಾನು ಈ ಸೀಮೆಯವನೆಂದು ಸಿದ್ಧಪಡಿಸಬೇಕೆಂಬುದು ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತು. ವಂಶದ ಅರಿವು ಸಿರಿವಂತರ ಹವ್ಯಾಸವಾಗಿದ್ದ ಕಾಲ ಮುಗಿದುಹೋಗಿದೆ.

ವಂಶಾವಳಿಯನ್ನು ಕಾಪಾಡುವ ಪದ್ಧತಿ ನಮ್ಮ ನೆಲಕ್ಕೆ ಹೊರಗಿನಿಂದ ಬಂದುದಲ್ಲ. ಉತ್ತರ ಕರ್ನಾಟಕದ ಹಳ್ಳಿಗರಿಗೆ ಹೆಳವರ ಪರಿಚಯವಿದೆ. ಸಿಂಗರಿಸಿದ ಎತ್ತಿನೊಡನೆ, ಗಂಟೆಯ ಸದ್ದಿನೊಡನೆ ಸುಗ್ಗಿಯ ನಂತರ ಮನೆಯ ಮುಂದೆ ಬಂದು ನಿಂತು, ಆ ಮನೆತನದ ಮೂಲಪುರುಷನಿಂದ ಹಿಡಿದು ಹೋದ ವರ್ಷ ಹುಟ್ಟಿದ ಕೂಸಿನವರೆಗೆ ಹೆಸರುಗಳನ್ನು ಒಪ್ಪಿಸುತ್ತಾರೆ. ಹೊಸ ಹೆಸರುಗಳನ್ನು ತಮ್ಮ ಹೊತ್ತಗೆಗೆ ಸೇರಿಸಿಕೊಂಡು, ಕಾಳುಕಡಿ, ಬಟ್ಟೆಬರೆ ಪಡೆದು ಮುಂದಿನ ಊರಿಗೆ ಸಾಗುತ್ತಾರೆ. ಆ ಮನೆತನ ಯಾವ ಊರಿನಿಂದ ಯಾವ ಕಾರಣಕ್ಕೆ ಎದ್ದು ಬಂದಿತೆಂಬುದೂ ಅವರ ನೆನಪಿನಲ್ಲಿರುತ್ತದೆ. ಅಕ್ಷರ ಬಲ್ಲವರು ಕಡಿಮೆಯಿದ್ದ ಕಾಲದಲ್ಲಿ ಹಳ್ಳಿಯ ಇತಿಹಾಸವನ್ನು ಇವರು ಹೊತ್ತು ತಿರುಗಿದರು. ಹಿಂದೊಮ್ಮೆ ಅಫಜಲಪುರ ತಾಲೂಕಿನ ಒಂದು ಊರಿನಲ್ಲಿ ಒಬ್ಬ ಹೆಳವರ ಮುದುಕನು ಒಕ್ಕಲಿಗರ ಮನೆಯ ಕಟ್ಟೆಯ ಮೇಲೆ ಕುಳಿತು ಒಂಬತ್ತು ತಲೆಮಾರು ಹೇಳುವುದನ್ನು ನಾವು ಕೇಳಿದ್ದುಂಟು. ಸೆಮಿನರಿಯಲ್ಲಿ ನಾಲ್ಕು ವರ್ಷ ತತ್ತ್ವಶಾಸ್ತ್ರ ಕಲಿತ ನಮಗೆ ಅಷ್ಟು ಹೆಸರುಗಳನ್ನು ಕ್ರಮ ತಪ್ಪದೆ ಹೇಳುವ ಶಕ್ತಿಯಿಲ್ಲವಲ್ಲ ಎಂದು ಅಂದು ನಾಚಿಕೆಯಾಯಿತು.

ಆದರೆ ಒಂದು ಕಟುಸತ್ಯವನ್ನು ಇಲ್ಲಿ ಹೇಳಲೇಬೇಕು. ಹೆಳವರ ಹೊತ್ತಗೆಯಲ್ಲಿ ಹೆಚ್ಚಾಗಿ ಇರುವುದು ಹೊಲಮನೆಯುಳ್ಳವರ ವಂಶ. ಭೂಮಿಯಿಲ್ಲದವನ ಬಾಗಿಲಿಗೆ ಎತ್ತು ಬರುವುದು ವಿರಳ. ಸರಕಾರಿ ದಾಖಲೆಯ ಸಂಗತಿಯೂ ಅಷ್ಟೇ. 1948ರವರೆಗೆ ಈ ಮೂರು ತಾಲೂಕುಗಳು ನಿಜಾಮರ ಆಳ್ವಿಕೆಯಲ್ಲಿದ್ದವು, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಾಲದ ಕಾಗದಗಳು ಉರ್ದುವಿನಲ್ಲಿವೆ, ವರ್ಷಗಳು ಫಸಲಿ ಲೆಕ್ಕದಲ್ಲಿವೆ. ಹಳೆಯ ಶಾಲಾ ದಾಖಲೆಯಲ್ಲಿ 1350 ಎಂದಿದ್ದರೆ ಗಾಬರಿಯಾಗಬೇಕಿಲ್ಲ. 590 ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕ ದೊರೆಯುತ್ತದೆ. 1954-55ರ ಖಾಸ್ರಾ ಪಹಣಿಯಲ್ಲಿ ಯಾವ ಸರ್ವೆ ನಂಬರನ್ನು ಯಾರು ಸಾಗುವಳಿ ಮಾಡುತ್ತಿದ್ದರೆಂಬುದು ಸಿಗುತ್ತದೆ. ಆದರೆ ಜೀತದವನ ಹೆಸರು ಅಲ್ಲಿ ಸಿಗದು, ಅವನ ಹೆಂಡತಿಯ ಹೆಸರಂತೂ ಎಲ್ಲಿಯೂ ಸಿಗದು.

ಈ ಶೂನ್ಯದ ನಡುವೆ ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕಕ್ಕೆ ಒಂದು ವಿಶೇಷ ಸ್ಥಾನವಿದೆ. ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. ಈಗಿನ ಧರ್ಮಸಭೆಯ ಕಾನೂನು ಸಂಹಿತೆಯ 877ನೆಯ ನಿಯಮದಂತೆ ಸ್ನಾನ ಪಡೆದವರ ಹೆಸರು, ತಂದೆತಾಯಿಗಳ ಹೆಸರು, ಜ್ಞಾನ ತಂದೆ ತಾಯಿಯರ ಹೆಸರು, ಸ್ಥಳ, ದಿನಾಂಕ, ಹುಟ್ಟಿದ ಊರು ಎಲ್ಲವನ್ನೂ ಬರೆಯತಕ್ಕದ್ದು. ತಾಯಿಯ ಹೆಸರನ್ನು ಬಿಡುವಂತಿಲ್ಲವೆಂಬುದನ್ನು ಗಮನಿಸಬೇಕು. ಪಟೇಲನ ದಫ್ತರದಲ್ಲಾಗಲಿ ತಹಸೀಲಿಯಲ್ಲಾಗಲಿ ಎಂದೂ ಮಸಿ ಕಾಣದ ಹೆಂಗಸಿನ ಹೆಸರನ್ನು ಮೊತ್ತಮೊದಲು ಬರೆದುಕೊಂಡುದು ಎಷ್ಟೋ ಕಡೆ ಈ ಪುಸ್ತಕವೇ.

ಇನ್ನೊಂದು ಸಂಗತಿ ನಮ್ಮ ವಿದೇಶವಾಸಿಗಳಿಗೆ ಬಹಳ ಉಪಯುಕ್ತ. ಒಬ್ಬನಿಗೆ ದೃಢೀಕರಣವಾಗಲಿ, ವಿವಾಹವಾಗಲಿ, ಗುರುದೀಕ್ಷೆಯಾಗಲಿ ಜಗತ್ತಿನ ಯಾವ ಮೂಲೆಯಲ್ಲಿ ನಡೆದರೂ ಅದನ್ನು ಅವನ ಜ್ಞಾನಸ್ನಾನದ ಪುಟದ ಅಂಚಿನಲ್ಲಿ ಬರೆಯಬೇಕೆಂದು 535ನೆಯ ನಿಯಮ ಹೇಳುತ್ತದೆ. ದುಬೈಯಲ್ಲಿ ಮದುವೆಯಾದವನ ಸುದ್ದಿ ಭೀಮಾ ದಂಡೆಯ ಪುಸ್ತಕಕ್ಕೆ ಮರಳಬೇಕು. ಈ ಸೂಚನಾಪತ್ರಗಳು ಅಲ್ಲಿಂದ ಬರುತ್ತವೆಯೇ, ಬಂದವನ್ನು ನಾವು ಬರೆಯುತ್ತೇವೆಯೇ? ಎರಡರಲ್ಲಿಯೂ ಲೋಪಗಳಿವೆಯೆಂದು ಒಪ್ಪಿಕೊಳ್ಳುತ್ತೇವೆ. ನಾವು ಹಿಂದೆ ಸೇವೆ ಸಲ್ಲಿಸಿದ ಒಂದು ಕಡೆ ಬೀರುವಿನ ಕೆಳಗಿನ ಅರೆಯಲ್ಲಿ ಇಪ್ಪತ್ತು ವರ್ಷಗಳ ಸೂಚನಾಪತ್ರಗಳು ಕಟ್ಟು ಬಿಚ್ಚದೆಯೇ ಗೆದ್ದಲಿನ ಪಾಲಾಗಿದ್ದವು. ಉಳಿದವನ್ನು ಬರೆದು ಮುಗಿಸಲು ಒಂದು ಮಳೆಗಾಲ ಹಿಡಿಯಿತು.

ಎಲ್ಲಿ ಹುಡುಕಬೇಕೆಂಬುದು ಸಹ ನಮ್ಮ ಸೀಮೆಯಲ್ಲಿ ಸುಲಭದ ಮಾತಲ್ಲ. ಕಲಬುರಗಿ ಧರ್ಮಪ್ರಾಂತ ಸ್ಥಾಪನೆಯಾದುದೇ 2005ರಲ್ಲಿ. ಅದಕ್ಕೆ ಮೊದಲು ಈ ಪ್ರದೇಶ ಬೇರೆ ಧರ್ಮಪ್ರಾಂತಗಳಿಗೆ ಸೇರಿತ್ತು. ಮೂರೂ ತಾಲೂಕುಗಳಲ್ಲಿ ಕಥೋಲಿಕ ಮನೆಗಳು ಅಲ್ಲೊಂದು ಇಲ್ಲೊಂದು. ಮುದಗಲ್ಲಿನಂತೆ ಆದಿಲಶಾಹಿಯ ಕಾಲದಿಂದ ಒಂದೇ ಕಡೆ ನೆಲೆನಿಂತ ಕ್ರೈಸ್ತ ಕೇರಿ ನಮಗಿಲ್ಲ. ಆಳಂದದ ಮನೆತನದ ಹಿರಿಯರು ಸೊಲ್ಲಾಪುರದ ಗಿರಣಿಗೆ ಹೋಗಿದ್ದರೆ ದಾಖಲೆ ಪುಣೆ ಧರ್ಮಪ್ರಾಂತದಲ್ಲಿರುವ ಸಂಭವವುಂಟು. ರೈಲ್ವೆಯಲ್ಲೋ ಸಿಮೆಂಟು ಕಾರ್ಖಾನೆಯಲ್ಲೋ ದುಡಿದಿದ್ದರೆ ವಾಡಿ, ಶಹಾಬಾದಿನ ಕಡೆ ವಿಚಾರಿಸಬೇಕು. ಅಂದಹಾಗೆ, ಈ ಜಿಲ್ಲೆಯ ಅನೇಕ ಕ್ರೈಸ್ತ ಮನೆತನಗಳ ಹಳೆಯ ಹೆಸರುಗಳು ಮೆಥಡಿಸ್ಟ್ ಸಭೆಯ ಪುಸ್ತಕಗಳಲ್ಲಿವೆ. ಅಲ್ಲಿ ಕೇಳಲು ಸಂಕೋಚಪಡಬೇಕಾಗಿಲ್ಲ. ಮೂಲಪುಸ್ತಕ ಹಾಳಾಗಿದ್ದರೂ ನಿರಾಶೆ ಬೇಡ. ಪ್ರತಿವರ್ಷದ ಕೊನೆಗೆ ಪುಸ್ತಕಗಳ ನಕಲನ್ನು ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಬೇಕೆಂದು 1917ರ ಸಂಹಿತೆ ವಿಧಿಸಿತ್ತು.

ಮಂಗಳೂರಿನ ಕಥೋಲಿಕರು ಈ ವಿಷಯದಲ್ಲಿ ನಮಗಿಂತ ಬಹಳ ಮುಂದೆ ಹೋಗಿದ್ದಾರೆ. 1784ರಲ್ಲಿ ಟಿಪ್ಪುವಿನ ಕಾಲದ ಸೆರೆಯಲ್ಲಿ ಅವರ ದೇವಾಲಯಗಳು ನೆಲಸಮವಾದವು, ಜನರು ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟರು. 1799ರ ನಂತರ ಮರಳಿದವರು ಮತ್ತೆ ಪುಸ್ತಕ ತೆರೆದರು. ಡಾ. ಮೈಕಲ್ ಲೋಬೊ ಅವರು 1990ರ ದಶಕದಲ್ಲಿ ಆ ಸಮುದಾಯದ ಮನೆತನಗಳ ವಂಶಾವಳಿಯನ್ನು ಸಂಗ್ರಹಿಸಲು ಕೈಹಾಕಿ ವರ್ಷಗಟ್ಟಲೆ ದುಡಿದರು. ಇಂದು ಟೊರೊಂಟೊದಲ್ಲೋ ಲಂಡನಿನಲ್ಲೋ ಹುಟ್ಟಿದ ಮಂಗಳೂರಿನ ಮಗುವಿಗೆ ತನ್ನ ಮನೆತನದ ಎಳೆ ಹಿಡಿಯಲು ಆಧಾರವಿದೆ. ಗೋವೆಯಲ್ಲಿ ಇದಕ್ಕೆ ಲೌಕಿಕ ಪ್ರಯೋಜನವೂ ಕೂಡಿಕೊಂಡಿದೆ. 1961ರ ಡಿಸೆಂಬರ್ 19ಕ್ಕೆ ಮುಂಚೆ ಅಲ್ಲಿ ಹುಟ್ಟಿದವರೂ ಅವರ ಮಕ್ಕಳು ಮೊಮ್ಮಕ್ಕಳೂ ಪೋರ್ಚುಗಲ್ಲಿನ ಪೌರತ್ವ ಕೋರುತ್ತ ಬಂದುದರಿಂದ ಅಜ್ಜನ ಜನನದಾಖಲೆಗೆ ಬಂಗಾರದ ಬೆಲೆ ಬಂದಿತು. ನಮ್ಮವರಿಗೆ ಅಂತಹ ಲಾಭದ ಆಸೆಯಿಲ್ಲ. ಒಂದು ದೃಷ್ಟಿಯಿಂದ ಅದೇ ಒಳಿತು.

ಏಕೆಂದರೆ ವಂಶದ ಹುಡುಕಾಟದಲ್ಲಿ ಒಂದು ರೋಗ ಅಡಗಿದೆ. ಅದರ ಹೆಸರು ಕುಲಗರ್ವ. ನಮ್ಮ ಪೂರ್ವಜರು ಇಂತಹ ಮೇಲುಕುಲದವರು ಎಂದು ತೋರಿಸಿಕೊಳ್ಳುವ ಚಪಲ ಕ್ರೈಸ್ತರಾದ ಮಾತ್ರಕ್ಕೆ ನಮ್ಮನ್ನು ಬಿಟ್ಟುಹೋಗಿಲ್ಲ. ಪ್ಲೇಟೋವಿನ ಥಿಯೇಟೆಟಸ್ ಸಂವಾದದಲ್ಲಿ ಸಾಕ್ರಟೀಸನು ಇಪ್ಪತ್ತೈದು ತಲೆಮಾರು ಎಣಿಸಿ ಹೆರಾಕ್ಲಿಸನವರೆಗೆ ಮುಟ್ಟಿದೆವೆಂದು ಬೀಗುವವರನ್ನು ಕಂಡು ನಗುತ್ತಾನೆ. ಪ್ರತಿಯೊಬ್ಬನಿಗೂ ಲೆಕ್ಕವಿಲ್ಲದಷ್ಟು ಹಿರಿಯರಿದ್ದಾರೆ, ಅವರಲ್ಲಿ ಅರಸರೂ ಗುಲಾಮರೂ ಸಿರಿವಂತರೂ ತಿರುಕರೂ ಇದ್ದೇ ಇರುತ್ತಾರೆ ಎಂಬುದು ಅವನ ವಾದ. ಸಂತ ಪೌಲರೂ ತಿಮೊಥೇಯನಿಗೆ ಬರೆದ ಪತ್ರದಲ್ಲಿ ಮುಗಿಯದ ವಂಶಾವಳಿಗಳ ಗೊಡವೆಯ ಬಗ್ಗೆ ಎಚ್ಚರಿಸಿದ್ದಾರೆ. ಹಾಗಾದರೆ ಸಂತ ಮತ್ತಾಯನು ತನ್ನ ಶುಭಸಂದೇಶವನ್ನು ವಂಶಾವಳಿಯಿಂದಲೇ ಏಕೆ ಆರಂಭಿಸಿದನು? ಆ ಪಟ್ಟಿಯನ್ನು ಓದುವಾಗ ನಾವು ತೂಕಡಿಸುತ್ತೇವೆ. ಆದರೆ ಅದರಲ್ಲಿ ತಾಮಾರಳಿದ್ದಾಳೆ, ಜೆರಿಕೋವಿನ ವೇಶ್ಯೆ ರಾಹಾಬಳಿದ್ದಾಳೆ, ಪರದೇಶಿ ರೂತಳಿದ್ದಾಳೆ, ಊರೀಯನ ಹೆಂಡತಿಯಿದ್ದಾಳೆ. ಮರೆಮಾಚಬಹುದಾಗಿದ್ದವರನ್ನೇ ಶುಭಸಂದೇಶಕಾರನು ಹೆಸರಿಸಿದ್ದಾನೆ. ತಂದೆತಾಯಿಗಳಿಗೂ ಹುಟ್ಟಿದ ನಾಡಿಗೂ ನಾವು ತೀರಿಸಲಾಗದ ಸಾಲಗಾರರೆಂದು ಸಂತ ಥಾಮಸ್ ಅಕ್ವಿನಾಸರು ಹೇಳುತ್ತಾರೆ. ಸಾಲಕೊಟ್ಟವನು ಬಡವನೆಂದು ಸಾಲವನ್ನೇ ಅಲ್ಲಗಳೆಯುವುದು ನ್ಯಾಯವೇ?

ಇಲ್ಲಿ ವಿಷಯ ಸೂಕ್ಷ್ಮವಾಗುತ್ತದೆ. ನಮ್ಮ ಮೂರು ತಾಲೂಕುಗಳಲ್ಲಿ ನಾಲ್ಕು ತಲೆಮಾರು ಹಿಂದಕ್ಕೆ ಹೋದರೆ ಅನೇಕ ಮನೆಗಳು ಊರ ಹೊರಗಿನ ಕೇರಿಗೆ ಹೋಗಿ ಮುಟ್ಟುತ್ತವೆ. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಲಾಯಿತು. ಕ್ರೈಸ್ತರ ಪ್ರಶ್ನೆಯನ್ನು ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಕವಾಯಿತು. ನಮ್ಮ ರಾಜ್ಯದ 2025ರ ಸಮೀಕ್ಷೆಯಲ್ಲಂತೂ ಜಾತಿಯ ಹೆಸರಿಗೆ ಕ್ರೈಸ್ತ ಎಂಬ ಪದ ಜೋಡಿಸಿದ 33 ನಮೂದುಗಳ ಬಗ್ಗೆ ಗದ್ದಲವೆದ್ದು, ಅವು ಗಣತಿದಾರರ ಪಟ್ಟಿಯಲ್ಲಿ ಕಾಣದಂತೆ ಮಾಡಲಾಯಿತು. ಹೀಗಿರುವಾಗ ಒಂದು ಮನೆತನದ ಹಳೆಯ ಹೆಸರು, ಹಳೆಯ ಕೇರಿ, ಸ್ನಾನ ಪಡೆದ ವರ್ಷ ಇವು ಬರಿಯ ಇತಿಹಾಸವಾಗಿ ಉಳಿಯುವುದಿಲ್ಲ. ಅವುಗಳಿಂದ ಒಬ್ಬನ ಉದ್ಯೋಗಕ್ಕೆ, ಒಬ್ಬಳ ಮದುವೆಗೆ, ಇನ್ನೊಬ್ಬರ ನೆಮ್ಮದಿಗೆ ಕುತ್ತು ಬರಬಹುದು.

ಆದ್ದರಿಂದ ನಮ್ಮ ನಿಲುವು ಇಷ್ಟು: ಮನೆಯವರಿಗೆ ಮನೆಯ ಸತ್ಯವನ್ನು ಮುಚ್ಚಬಾರದು; ಊರಿಗೆಲ್ಲ ಅದನ್ನು ಹರಡಬಾರದು. ವಿದೇಶದಲ್ಲಿರುವ ಉತ್ಸಾಹಿ ಯುವಕರು ಪುಸ್ತಕದ ಎಲ್ಲ ಪುಟಗಳ ಫೋಟೋ ತೆಗೆದು ಕಳುಹಿಸಿರಿ, ನಾವು ಅಂತರ್ಜಾಲದಲ್ಲಿ ಹಾಕುತ್ತೇವೆ ಎಂದು ಬರೆಯುವುದುಂಟು. ಅದು ಸಾಧ್ಯವಿಲ್ಲ. ಆ ಪುಟಗಳಲ್ಲಿ ಅವಿವಾಹಿತ ತಾಯಂದಿರ ಮಕ್ಕಳಿದ್ದಾರೆ, ದತ್ತು ಮಕ್ಕಳಿದ್ದಾರೆ, ಇನ್ನೂ ಬದುಕಿರುವವರಿದ್ದಾರೆ. ಜಗತ್ತಿನಾದ್ಯಂತ ವಂಶದಾಖಲೆಗಳ ಚಿತ್ರ ತೆಗೆಯುತ್ತಿರುವ ಅಮೆರಿಕದ ಯೂಟಾ ವಂಶಾವಳಿ ಸಂಸ್ಥೆಗೆ ಧರ್ಮಕೇಂದ್ರದ ಪುಸ್ತಕಗಳನ್ನು ಒಪ್ಪಿಸಬಾರದೆಂದು 2008ರ ಏಪ್ರಿಲಿನಲ್ಲಿ ವ್ಯಾಟಿಕನ್ ಸೂಚಿಸಿತು. ಮೃತರ ಪರವಾಗಿ ಜ್ಞಾನಸ್ನಾನ ನೀಡುವ ಅವರ ಪದ್ಧತಿಯೇ ಅದಕ್ಕೆ ಕಾರಣ. ಅವರ ದುಡಿಮೆಯ ಶ್ರದ್ಧೆಯನ್ನು ನಾವು ಹಳಿಯುವುದಿಲ್ಲ. ಆದರೆ ಆ ಕಾರಣವಿಲ್ಲದಿದ್ದರೂ ಸತ್ತವರ ಹಾಗೂ ಬದುಕಿದವರ ಗುಟ್ಟುಗಳಿರುವ ಪುಸ್ತಕವನ್ನು ಇಡಿಯಾಗಿ ಪರರಿಗೆ ಕೊಡುವ ಅಧಿಕಾರ ಒಬ್ಬ ಗುರುವಿಗೆ ಇಲ್ಲವೆಂದೇ ನಮ್ಮ ಭಾವನೆ. ತನ್ನ ಹಿರಿಯರ ಸಾಲನ್ನು ಕೇಳುವವನಿಗೆ ಆ ಸಾಲಿನ ಪ್ರಮಾಣೀಕೃತ ಪ್ರತಿ ಕೊಡೋಣ. ಕೇಳುವವರೂ ಸ್ವಲ್ಪ ಸೈರಣೆ ತೋರಲಿ. ಹೆಸರು, ಸುಮಾರಾದ ವರ್ಷ, ಊರು ಇಷ್ಟನ್ನೂ ತಿಳಿಸದೆ ನಮ್ಮ ಅಜ್ಜನನ್ನು ಹುಡುಕಿಕೊಡಿ ಎಂದರೆ ಒಬ್ಬರೇ ಗುರುಗಳಿರುವ ಕಚೇರಿ ಏನು ಮಾಡೀತು?

ಕಾಗದಕ್ಕಿಂತ ಮೊದಲು ಬಾಯಿಯಿದೆ. ಮನೆಯ ಆಯಿ ಕುಳಿತಲ್ಲಿಗೆ ಹೋಗಿ ಕೇಳುವವರು ಯಾರೂ ಇಲ್ಲ. ಯಾವ ಮದುವೆಯಲ್ಲಿ ಯಾರು ಮುನಿಸಿಕೊಂಡರು, ಯಾವ ಬರದಲ್ಲಿ ಯಾವ ಕೂಸು ಸತ್ತಿತು, ಯಾರ ಮನೆಗೆ ಯಾವ ಅಡ್ಡಹೆಸರು ಏಕೆ ಬಂದಿತು ಎಂಬುದು ಅವಳಿಗೆ ಗೊತ್ತು. ಇಂದು ಪ್ರತಿ ಮನೆಯಲ್ಲೂ ದನಿ ಹಿಡಿದಿಡುವ ಮೊಬೈಲ್ ಇದೆ. ಅದರಲ್ಲಿ ಹಾಡು ಕೇಳುವ ನಡುವೆ ಅರ್ಧ ಗಂಟೆ ಆಯಿಯ ಮಾತನ್ನು ಹಿಡಿದಿಡುವುದು ಭಾರವಲ್ಲ. ತಡಮಾಡಲು ಇದು ಕಾಲವೂ ಅಲ್ಲ. 2020ರ ಅಕ್ಟೋಬರಿನಲ್ಲಿಯೂ 2025ರ ಸೆಪ್ಟೆಂಬರಿನಲ್ಲಿಯೂ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿಯ ದಂಡೆಯ ಹಳ್ಳಿಗಳಲ್ಲಿ ತೊಗರಿ, ಹತ್ತಿಗಳೊಡನೆ ಮನೆಯ ಟ್ರಂಕುಗಳೂ ನೀರು ಕುಡಿದವು. ಮದುವೆಯ ಫೋಟೋಗಳು, ಶಾಲೆಯ ಟಿ.ಸಿ.ಗಳು, ಹಳೆಯ ರೇಷನ್ ಕಾರ್ಡುಗಳು ಮುದ್ದೆಯಾದುದನ್ನು ಪರಿಹಾರ ಕೇಂದ್ರಗಳಲ್ಲಿ ನಾವು ಕಣ್ಣಾರೆ ಕಂಡೆವು. ಬೆಳೆಗೆ ಪರಿಹಾರವುಂಟು, ಅವುಗಳಿಗೆ ಯಾವ ಪರಿಹಾರವಿದೆ?

ಕುವೈತಿನ ಹುಡುಗಿಯ ವಿಷಯಕ್ಕೆ ಮರಳೋಣ. ಅವಳ ಮುತ್ಯಾನ ತಂದೆತಾಯಿಗಳು ಕಲ್ಲುಗಣಿಯ ಕೆಲಸಕ್ಕೆ ಶಹಾಬಾದಿನ ಕಡೆ ಹೋಗಿದ್ದರೆಂಬ ಸುಳಿವು ಹಿಡಿದು ಅಲ್ಲಿಗೆ ಬರೆದೆವು. ಅಲ್ಲಿಯ ಗುರುಗಳು ಹಳೆಯ ಪುಸ್ತಕ ತೆರೆದು ನೋಡಿ ಉತ್ತರಿಸಿದರು. ಲತೀನಿನಲ್ಲಿ ಬರೆದ ಒಂದು ಸಾಲು. 1955ರಲ್ಲಿ ಗಂಡ, ಹೆಂಡತಿ, ಕೂಸು ಮೂವರಿಗೂ ಒಂದೇ ದಿನ ಸ್ನಾನವಾಗಿದೆ. ಗಂಡನ ಹಳೆಯ ಹೆಸರು, ಹೊಸ ಹೆಸರು ಎರಡೂ ಇವೆ. ಹೆಂಡತಿಯದು ಮಾತ್ರ ಹೊಸದು: ಮರಿಯ. ಆ ಗುರುಗಳು ಯಾರೋ, ಬರೆಯುವಾಗ ಕೇಳಲು ಮರೆತರೋ, ಆಕೆಯೇ ಹೇಳಲಿಲ್ಲವೋ. ತಾಯಿಯ ಹೆಸರನ್ನು ಉಳಿಸಿದ ಪುಸ್ತಕವೆಂದು ಮೇಲೆ ನಾವೇ ಹೊಗಳಿದೆವು. ಅದೇ ಪುಸ್ತಕ ಅವಳ ಮೊದಲ ಹೆಸರನ್ನು ಅಳಿಸಿತೆಂಬುದನ್ನೂ ಒಪ್ಪಿಕೊಳ್ಳಬೇಕಾಯಿತು.

ಆ ಮುತ್ಯಾನ ತಂಗಿಯೊಬ್ಬರು ಅಫಜಲಪುರ ತಾಲೂಕಿನಲ್ಲಿ ಇನ್ನೂ ಇದ್ದಾರೆಂದು ತಿಳಿದು, ಕಳೆದ ಜನವರಿಯಲ್ಲಿ ಗಾಣಗಾಪುರದ ದಾರಿಯಾಗಿ ಹೋಗಿ ಕಂಡು ಬಂದೆವು. ಎಪ್ಪತ್ತರ ಆಸುಪಾಸಿನ ಆ ತಾಯಿ ರೊಟ್ಟಿ ಬಡಿಯುತ್ತಿದ್ದವರು ಕೈ ತೊಳೆದುಕೊಂಡು ಬಂದು ಕುಳಿತರು. ಅವ್ವನ ಮೊದಲ ಹೆಸರು ಗೊತ್ತೇ ಎಂದು ಕೇಳಿದ್ದಕ್ಕೆ, ಗೊತ್ತದ ಎಂದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದರು. ನಾವು ಅಲ್ಲಿಂದಲೇ ಕುವೈತಿಗೆ ವಿಡಿಯೋ ಕರೆ ಮಾಡಿ ಹುಡುಗಿಯನ್ನು ತೋರಿಸಿದೆವು. ಆಯಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ನಕ್ಕರು, ಸೆರಗಿನಿಂದ ಮುಖ ಒರೆಸಿಕೊಂಡರು. ಹೆಸರು ಮಾತ್ರ ಹೇಳಲಿಲ್ಲ.

'ಸ್ವಾಮಿಗೋಳೇ, ನಮ್ಮವ್ವನ ಹೆಸರು ಫೋನಿನ್ಯಾಗ ಹೇಳಾಂಗಿಲ್ಲ. ಪೋರಿ ಬರ್ಲಿ. ಅಕಿ ಕಿವಿಯಾಗ ಹೇಳ್ತೀನಿ' ಎಂದರು.

ಜುಲೈಯ ರಜೆಯಲ್ಲಿ ಬರುವುದಾಗಿ ಹುಡುಗಿಯ ತಂದೆ ತಿಳಿಸಿದ್ದಾರೆ.